ಸುಶಿಯೋ, ಸಾಶಿಮಿಯೋ, ಫುನಾಜುಶಿಯೋ: ಮೀನು ಕಳೆದ ಕಾಲ ನೋಡಿ ಆರಿಸಿಕೊಳ್ಳಿ

ಜಪಾನಿಗೆ ಹೊರಟವರು ಮೊದಲು ಕೇಳುವುದು ಇದನ್ನೇ: “ಅಲ್ಲಿ ಹಸಿ ಮೀನು ತಿನ್ನಲೇಬೇಕೇ?” ತಿನ್ನಲೇಬೇಕೆಂದೇನೂ ಇಲ್ಲ. ಆದರೆ ಜಪಾನಿನ ಮೀನಿನ ತಿನಿಸುಗಳನ್ನೆಲ್ಲ ‘ಹಸಿ’ ಎಂಬ ಒಂದೇ ಬುಟ್ಟಿಗೆ ತುಂಬಿದರೆ ಆಯ್ಕೆ ಮಾಡುವುದು ಕಷ್ಟವಾಗುತ್ತದೆ. ಅವುಗಳಲ್ಲಿ ಒಂದು ತಿನಿಸಿಗೆ ಮೀನು ಎರಡು ವರ್ಷ ಮರದ ಪೀಪಾಯಿಯಲ್ಲಿ ಕುಳಿತಿರುತ್ತದೆ. ಇನ್ನೊಂದರಲ್ಲಿ ಉಪ್ಪು ಮತ್ತು ವಿನೆಗರ್ ಕುಡಿದು ಒಂದು ರಾತ್ರಿ ಮಲಗಿರುತ್ತದೆ. ಮತ್ತೊಂದರಲ್ಲಿ ಅದನ್ನು ಹುಲ್ಲಿನ ಬೆಂಕಿ ಸವರಿಹೋಗಿರುತ್ತದೆ. ನಿಜವಾಗಿ ಏನೂ ಸೋಂಕದ ಹಸಿ ಮೀನು ಬಡಿಸುವ ತಿನಿಸುಗಳು ನಾವು ಅಂದುಕೊಂಡಷ್ಟು ಇಲ್ಲ.

ಆದ್ದರಿಂದ ತಟ್ಟೆಯ ಮುಂದೆ ಕುಳಿತಾಗ ಕೇಳಬೇಕಾದದ್ದು ‘ಇದು ಹಸಿಯೇ?’ ಎಂದಲ್ಲ, ‘ಈ ಮೀನಿಗೆ ಎಷ್ಟು ಕಾಲ ಕೊಟ್ಟಿದ್ದಾರೆ, ಆ ಕಾಲದಲ್ಲಿ ಏನು ಮಾಡಿದ್ದಾರೆ?’ ಎಂದು. ರುಚಿ, ಬೆಲೆ, ಸುರಕ್ಷತೆ ಮೂರನ್ನೂ ಈ ಪ್ರಶ್ನೆ ಬಿಡಿಸಿ ತೋರಿಸುತ್ತದೆ. ಸುಶಿಯ ಸಾವಿರದ ಮುನ್ನೂರು ವರ್ಷಗಳ ಚರಿತ್ರೆಯೂ ಇದರಲ್ಲೇ ಅಡಗಿದೆ, ಏಕೆಂದರೆ ಅದು ವರ್ಷಗಳಿಂದ ನಿಮಿಷಗಳಿಗೆ ಇಳಿದು ಬಂದ ಚರಿತ್ರೆ.

ಪೀಪಾಯಿಯಲ್ಲಿ ವರ್ಷ ಕಳೆದ ಮೀನು

‘ಸುಶಿ’ ಎಂಬ ಪದದ ಮೂಲ ಅರ್ಥ ‘ಹುಳಿ’. ಹಸಿ ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. ಮೂಲದಲ್ಲಿ ಇದು ಜಪಾನಿನದೂ ಅಲ್ಲ, ಸಮುದ್ರದ ಮೀನಿನದೂ ಅಲ್ಲ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಆಸುಪಾಸಿನಲ್ಲಿ, ದಕ್ಷಿಣ ಚೀನಾದ ಗದ್ದೆ ನಾಡುಗಳಲ್ಲಿ ಇದು ಹುಟ್ಟಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮಳೆಗಾಲದಲ್ಲಿ ಗದ್ದೆ, ಹೊಳೆಗಳಲ್ಲಿ ಮೀನು ಯಥೇಚ್ಛ, ಬೇಸಿಗೆಯಲ್ಲಿ ಏನೂ ಇಲ್ಲ. ಸಿಕ್ಕ ಮೀನಿಗೆ ಉಪ್ಪು ಹಾಕಿ, ಬೇಯಿಸಿದ ಅನ್ನದ ನಡುವೆ ಒತ್ತಿಟ್ಟರು. ನಮ್ಮ ದೋಸೆ ಹಿಟ್ಟನ್ನು ರಾತ್ರಿಯೆಲ್ಲ ಹುಳಿ ಬರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳ ಬಳಗವೇ ಅಲ್ಲಿಯೂ ಅನ್ನವನ್ನು ಹುಳಿಯಾಗಿಸುತ್ತದೆ, ಆ ಹುಳಿ ಮೀನು ಕೊಳೆಯದಂತೆ ಕಾಯುತ್ತದೆ. ತಿಂಗಳುಗಳ ನಂತರ ಅನ್ನವನ್ನು ಕೆರೆದು ಎಸೆದು ಮೀನನ್ನಷ್ಟೇ ತಿನ್ನುತ್ತಿದ್ದರು. ಇದಕ್ಕೆ ಜಪಾನಿನಲ್ಲಿ ನರೆಜುಶಿ ಎಂದು ಹೆಸರು. 718ರಲ್ಲಿ ರೂಪುಗೊಂಡ ಯೋರೋ ಸಂಹಿತೆಯಲ್ಲಿ ತೆರಿಗೆಯಾಗಿ ಕೊಡಬಹುದಾದ ವಸ್ತುಗಳ ನಡುವೆ ಸುಶಿಯ ಹೆಸರಿದೆ. 927ರಲ್ಲಿ ಪೂರ್ಣಗೊಂಡ ಎಂಗಿಶಿಕಿ ಎಂಬ ಆಡಳಿತ ಗ್ರಂಥದಲ್ಲಿ ಬೇರೆ ಬೇರೆ ಪ್ರಾಂತ್ಯಗಳಿಂದ ಅರಮನೆಗೆ ಬರಬೇಕಾದ ಸುಶಿಯ ಲೆಕ್ಕವಿದೆ.

ಈ ಹಳೆಯ ಸುಶಿಯನ್ನು ಇಂದಿಗೂ ತಿನ್ನಬಹುದು ಎಂಬುದೇ ನನಗೆ ದೊಡ್ಡ ಸಂತೋಷ. ಕ್ಯೋಟೋ ಪಕ್ಕದ ಶಿಗಾ ಪ್ರಾಂತ್ಯದಲ್ಲಿ ಬಿವಾ ಎಂಬ ಜಪಾನಿನ ಅತಿ ದೊಡ್ಡ ಸರೋವರವಿದೆ. ಅಲ್ಲಿ ಮಾತ್ರ ಸಿಗುವ ನಿಗೊರೊಬುನಾ ಎಂಬ ಮೀನಿನಿಂದ ಫುನಾಜುಶಿ ಮಾಡುತ್ತಾರೆ. ವಸಂತದಲ್ಲಿ ಮೊಟ್ಟೆ ತುಂಬಿದ ಹೆಣ್ಣು ಮೀನುಗಳನ್ನು ಹಿಡಿದು, ಹೊಟ್ಟೆ ಸೀಳದೆ ಕಿವಿರಿನ ಕಡೆಯಿಂದ ಕರುಳನ್ನು ಎಳೆದು ತೆಗೆಯುತ್ತಾರೆ. ಹೊಟ್ಟೆ ಸೀಳಿದರೆ ಮೊಟ್ಟೆ ಹೊರಗೆ ಬರುತ್ತದೆ, ಮೊಟ್ಟೆ ಇಲ್ಲದ ಫುನಾಜುಶಿಗೆ ಬೆಲೆ ಕಡಿಮೆ. ತಿಂಗಳುಗಟ್ಟಲೆ ಉಪ್ಪಿನಲ್ಲಿಟ್ಟು, ಕಡು ಬೇಸಿಗೆಯಲ್ಲಿ ತೊಳೆದು, ಅನ್ನದೊಂದಿಗೆ ಪೀಪಾಯಿಗೆ ಒತ್ತಿ, ಮೇಲೆ ಭಾರವಾದ ಕಲ್ಲು ಹೇರುತ್ತಾರೆ. ಹೊಸ ವರ್ಷದ ಹೊತ್ತಿಗೆ ಕೆಲವರು ತೆಗೆಯುತ್ತಾರೆ, ಕೆಲವರು ಎರಡನೆಯ ವರ್ಷದವರೆಗೆ ಬಿಡುತ್ತಾರೆ. ಅಷ್ಟರಲ್ಲಿ ಮುಳ್ಳೂ ಮೆತ್ತಗಾಗಿರುತ್ತದೆ. ತೆಳುವಾಗಿ ಅಡ್ಡ ಕೊಯ್ದರೆ ಒಳಗೆ ಕಿತ್ತಳೆ ಬಣ್ಣದ ಮೊಟ್ಟೆ ಕಾಣುತ್ತದೆ.

ವಾಸನೆ ಜೋರು. ನೀಲಿ ಬೂಷ್ಟಿನ ಚೀಸ್ ತಿಂದವರಿಗೆ ಅದು ಪರಿಚಿತ ಎನಿಸಬಹುದು. ಹುಳಿ ಬಂದ ಪದಾರ್ಥಗಳನ್ನು, ಒಣಮೀನನ್ನು ಇಷ್ಟಪಟ್ಟು ತಿನ್ನುವ ಮನೆಯಲ್ಲಿ ಬೆಳೆದವರಾದರೆ ಇದನ್ನು ಆರಿಸಲು ಹೆದರಬೇಡಿ. ಮೀನಿನ ವಾಸನೆಯೇ ಆಗದವರು ದೂರವಿರಿ. ಬೆಲೆ ಒಂದು ಮೀನಿಗೆ ಸಾವಿರಾರು ಯೆನ್. ಹೊರಗಿನಿಂದ ತಂದು ಬಿಟ್ಟ ಬ್ಲ್ಯಾಕ್ ಬಾಸ್, ಬ್ಲೂಗಿಲ್ ಮೀನುಗಳು ಮರಿಗಳನ್ನು ನುಂಗಿದ್ದರಿಂದ, ದಡದ ಜೊಂಡು ನಾಶವಾದದ್ದರಿಂದ ನಿಗೊರೊಬುನಾ ವಿರಳವಾಗಿದೆ. ತಟ್ಟೆಯಲ್ಲಿ ಐದು ಚೂರುಗಳಷ್ಟೇ ಬಂದರೆ ಬೇಸರಿಸಬೇಡಿ.

ಒಂದು ರಾತ್ರಿ ಕಳೆದ ಮೀನು

ಹದಿನೈದನೆಯ ಶತಮಾನದ ಹೊತ್ತಿಗೆ ಜನರ ತಾಳ್ಮೆ ಕಡಿಮೆಯಾಯಿತು. ಅನ್ನ ಪೂರ್ತಿ ಕರಗುವ ಮೊದಲೇ ತೆಗೆದು, ಮೀನನ್ನೂ ಅನ್ನವನ್ನೂ ಕೂಡಿಸಿ ತಿನ್ನತೊಡಗಿದರು. ಅನ್ನವನ್ನು ಎಸೆಯದೆ ಉಳಿಸಿಕೊಂಡ ಈ ಹೆಜ್ಜೆಯಿಂದಲೇ ಸುಶಿ ಒಂದು ಊಟವಾಯಿತು. ಎದೋ ಯುಗದಲ್ಲಿ (1603–1868) ಇನ್ನೂ ಒಂದು ಹೆಜ್ಜೆ: ಹುಳಿ ಬರಲು ಕಾಯುವುದೇಕೆ, ಅನ್ನಕ್ಕೆ ವಿನೆಗರ್ ಬೆರೆಸಿದರಾಯಿತು. ಇದು ಹಾಯಾಜುಶಿ, ಅಂದರೆ ಬೇಗನೆ ಆಗುವ ಸುಶಿ.

ಒಸಾಕಾ, ಕ್ಯೋಟೋ ಕಡೆಯ ಒತ್ತು ಸುಶಿಗಳು ಈ ಕಾಲದ ಮಕ್ಕಳು. ಮರದ ಅಚ್ಚಿನಲ್ಲಿ ಅನ್ನ ತುಂಬಿ, ಉಪ್ಪು ಮತ್ತು ವಿನೆಗರಿನಲ್ಲಿ ನೆನೆದ ಮೀನನ್ನು ಹಾಸಿ, ಮುಚ್ಚಳ ಒತ್ತಿ, ಇಟ್ಟಿಗೆಯಂತೆ ಕೊಯ್ಯುತ್ತಾರೆ. ಒಸಾಕಾದ ಬತ್ತೆರಾ ಬಹಳ ಪ್ರಸಿದ್ಧ. ದೋಣಿಯ ಆಕಾರದಿಂದಾಗಿ, ಪುಟ್ಟ ದೋಣಿ ಎಂಬ ಅರ್ಥದ ಪೋರ್ಚುಗೀಸ್ ಪದವೇ ಅದಕ್ಕೆ ಹೆಸರಾಯಿತು. ಕ್ಯೋಟೋದ ಸಬಾಜುಶಿಯ ಕಥೆ ಇನ್ನೂ ಸೊಗಸು. ಕ್ಯೋಟೋ ಆಗ ಒಳನಾಡಿನ ರಾಜಧಾನಿ, ಸಮುದ್ರ ದೂರ. ಉತ್ತರದ ವಾಕಾಸಾ ಕರಾವಳಿಯ ಒಬಾಮಾ ಎಂಬ ಊರಿನಿಂದ ಉಪ್ಪು ಸವರಿದ ಬಂಗುಡೆ ಜಾತಿಯ ಮೀನನ್ನು ಹೊತ್ತು ಬೆಟ್ಟ ದಾಟಿ ತರುತ್ತಿದ್ದರು. ರಾಜಧಾನಿ ತಲುಪುವಷ್ಟರಲ್ಲಿ ಉಪ್ಪು ಹದವಾಗಿ ಒಳಗಿಳಿದಿರುತ್ತಿತ್ತು. ಆ ದಾರಿಗೆ ‘ಸಬಾ ಕೈದೋ’, ಅಂದರೆ ಬಂಗುಡೆ ದಾರಿ ಎಂಬ ಹೆಸರು ಇಂದಿಗೂ ಉಳಿದಿದೆ. ನಾರಾದಲ್ಲಿ ಇಂಥದ್ದೇ ಸುಶಿಯನ್ನು ಪರ್ಸಿಮನ್ ಎಲೆಯಲ್ಲಿ ಸುತ್ತಿ ಕೊಡುತ್ತಾರೆ.

ಮೊದಲ ಬಾರಿ ತಿನ್ನುವ ಕನ್ನಡಿಗರಿಗೆ ನಾನು ಸೂಚಿಸುವುದು ಈ ಒತ್ತು ಸುಶಿಯನ್ನೇ. ಹುಳಿ ಮತ್ತು ಉಪ್ಪು ಮುಂದಿರುವುದರಿಂದ ನಮ್ಮ ನಾಲಿಗೆ ಬೇಗ ಒಗ್ಗಿಕೊಳ್ಳುತ್ತದೆ. ಮೀನಿನ ಮೈ ಗಟ್ಟಿಯಾಗಿ, ಹೊರಭಾಗ ಬೆಳ್ಳಗಾಗಿ, ಹಸಿಯೆಂಬ ಅಳುಕು ಅರ್ಧ ಇಳಿದುಹೋಗಿರುತ್ತದೆ. ತಣ್ಣಗೇ ತಿನ್ನುವಂಥದ್ದಾದ್ದರಿಂದ ರೈಲಿನಲ್ಲಿ ಬುತ್ತಿಯಾಗಿಯೂ ಚೆನ್ನ. ವಾಕಾಯಾಮಾ ಪಟ್ಟಣದಲ್ಲಿ ರಾಮೆನ್ ಎಂಬ ಸಾರು ಶಾವಿಗೆಯ ಅಂಗಡಿಗಳ ಮೇಜಿನ ಮೇಲೆ ಎಲೆಯ ಬಣ್ಣದ ಹಾಳೆಯಲ್ಲಿ ಸುತ್ತಿದ ಚಿಕ್ಕ ಹಾಯಾಜುಶಿಗಳನ್ನು ಇಟ್ಟಿರುತ್ತಾರೆ. ಬಿಸಿ ಸಾರು ಬರುವವರೆಗೆ ಒಂದನ್ನು ಬಿಚ್ಚಿ ತಿನ್ನುವುದು ಅಲ್ಲಿನ ರೂಢಿ.

ಕೈಯಲ್ಲಿ ಹಿಡಿದು ಕೊಡುವ ನಿಗಿರಿ

ಜಗತ್ತು ಸುಶಿ ಎಂದು ಗುರುತಿಸುವ, ಅನ್ನದ ಉಂಡೆಯ ಮೇಲೆ ಮೀನಿನ ಹೋಳು ಹೊದಿಸಿದ ನಿಗಿರಿಗೆ ಎರಡು ಶತಮಾನಗಳ ವಯಸ್ಸಷ್ಟೇ. 1820ರ ದಶಕದಲ್ಲಿ ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದ ರ್ಯೋಗೊಕು ಪ್ರದೇಶದಲ್ಲಿ ಹನಾಯಾ ಯೋಹೇ ಎಂಬುವನು ಇದನ್ನು ರೂಪಿಸಿದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅವಸರದ ನಗರದ ಬೀದಿ ತಿಂಡಿ ಅದು. ಕೂಲಿಯವರು, ಕುಶಲಕರ್ಮಿಗಳು ಗಾಡಿಯ ಮುಂದೆ ನಿಂತು ತಿಂದು ಹೋಗುತ್ತಿದ್ದರು. ಒಂದು ನಿಗಿರಿ ಇಂದಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾಗಿರುತ್ತಿತ್ತು. ಅದಕ್ಕೆ ಬೇಕಾದ ಅಗ್ಗದ ವಿನೆಗರನ್ನು ಒದಗಿಸಿದವನು ಹಾಂದಾ ಊರಿನ ನಕಾನೊ ಮತಾಜಾಯೆಮೊನ್. 1804ರಲ್ಲಿ ಅವನು ಸಾಕೆ ಮದ್ಯ ಹಿಂಡಿ ಉಳಿದ ಚರಟದಿಂದ ಕೆಂಪು ಛಾಯೆಯ ವಿನೆಗರ್ ತಯಾರಿಸಲು ಆರಂಭಿಸಿದ. ಇಂದಿನ ಮಿಜ್ಕಾನ್ ಕಂಪನಿಯ ಮೂಲ ಅದು.

ಇಲ್ಲಿ ಗಮನಿಸಬೇಕಾದದ್ದಿದೆ. ಮಂಜುಗಡ್ಡೆ ಇಲ್ಲದ ಆ ಕಾಲದ ನಿಗಿರಿಯ ಮೀನೂ ಪೂರ್ತಿ ಹಸಿಯಾಗಿರಲಿಲ್ಲ. ಎದೋಮಾಯೆ ಎಂದರೆ ಎದೋ ಕೊಲ್ಲಿಯ ಮೀನು ಎಂದರ್ಥ, ಜೊತೆಗೆ ಆ ಮೀನಿಗೆ ಮಾಡುವ ಸಂಸ್ಕಾರವೂ ಹೌದು. ಟ್ಯೂನಾವನ್ನು ಸೋಯಾ ಸಾಸಿನಲ್ಲಿ ನೆನೆಸುತ್ತಿದ್ದರು, ಕೊಹಾದಾ ಎಂಬ ಬೆಳ್ಳಿ ಮೈಯ ಪುಟ್ಟ ಮೀನಿಗೆ ಉಪ್ಪು, ವಿನೆಗರ್ ಹಾಕುತ್ತಿದ್ದರು, ಅನಾಗೊ ಎಂಬ ಹಾವುಮೀನನ್ನು ಸಿಹಿಸಾರಿನಲ್ಲಿ ಬೇಯಿಸುತ್ತಿದ್ದರು, ಸಿಗಡಿಯನ್ನೂ ಬೇಯಿಸುತ್ತಿದ್ದರು. ಇಂದು ಹೊನ್ನಿನ ಬೆಲೆಗೆ ಮಾರುವ ಟ್ಯೂನಾದ ಕೊಬ್ಬಿನ ಭಾಗ ತೋರೋವನ್ನು ಆಗ ಕೇಳುವವರೇ ಇರಲಿಲ್ಲ. ಬೆಕ್ಕೂ ದಾಟಿಹೋಗುವಂಥದ್ದು ಎಂದು ಅದಕ್ಕೆ ಅಡ್ಡಹೆಸರಿತ್ತು.

ಈ ಟೋಕಿಯೋ ತಿಂಡಿ ಇಡೀ ದೇಶದ ಸುಶಿಯಾದದ್ದು ಎರಡು ದುರಂತಗಳ ಮೂಲಕ. 1923ರ ಸೆಪ್ಟೆಂಬರ್ 1ರ ಭೂಕಂಪ ಟೋಕಿಯೋವನ್ನು ನೆಲಸಮ ಮಾಡಿದಾಗ ಸುಶಿ ಕಟ್ಟುವವರು ತಮ್ಮ ತಮ್ಮ ಊರುಗಳಿಗೆ ಚದುರಿದರು, ಕಸುಬೂ ಅವರ ಜೊತೆ ಹೋಯಿತು. ಯುದ್ಧದ ನಂತರ ಅನ್ನಕ್ಕೆ ಬರ ಬಂದು 1947ರಲ್ಲಿ ಹೋಟೆಲುಗಳಿಗೆ ಬಾಗಿಲು ಹಾಕಿಸಿದಾಗ, ಗಿರಾಕಿ ತಾನೇ ಒಂದು ಗೋ (ಸುಮಾರು 180 ಮಿ.ಲೀ.) ಅಳತೆಯ ಅಕ್ಕಿ ತಂದುಕೊಟ್ಟರೆ ಕೂಲಿ ಪಡೆದು ಹತ್ತು ಸುಶಿ ಕಟ್ಟಿಕೊಡಬಹುದು ಎಂಬ ಒಪ್ಪಂದ ಟೋಕಿಯೋದಲ್ಲಿ ಆಯಿತು. ಈ ಏರ್ಪಾಡು ಇತರ ಕಡೆಗೂ ಹಬ್ಬಿತು, ಅದರ ಜೊತೆ ನಿಗಿರಿಯ ಆಕಾರ, ಗಾತ್ರಗಳೂ ಹಬ್ಬಿದವು. ಹಲವು ಪ್ರಾಂತ್ಯಗಳ ತಮ್ಮದೇ ಸುಶಿಗಳು ಆಗ ಹಿಂದೆ ಸರಿದವು ಎಂಬುದು ಈ ಕಥೆಯ ನೋವಿನ ಭಾಗ.

ಇಂದು ನಿಗಿರಿ ತಿನ್ನಲು ಎರಡು ದಾರಿಗಳಿವೆ. ಒಂದು, ಎಂಟು ಹತ್ತು ಆಸನಗಳ ಹಲಗೆಯ ಮುಂದೆ ಕುಳಿತು, ಆಯ್ಕೆಯನ್ನು ಕಟ್ಟುವವರಿಗೇ ಬಿಡುವ ಒಮಾಕಾಸೆ. ಅನ್ನ ಮೈಬಿಸಿಯಲ್ಲಿರುವಾಗಲೇ ನಿಮ್ಮ ಮುಂದೆ ಬರುತ್ತದೆ, ಇಟ್ಟ ತಕ್ಷಣ ತಿನ್ನಬೇಕು, ಕೈಯಿಂದ ತಿಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೆಸರಾದ ಕಡೆ ತಲೆಗೆ ಹತ್ತಾರು ಸಾವಿರ ಯೆನ್ ಆಗುತ್ತದೆ. ಇನ್ನೊಂದು ತಿರುಗು ಸುಶಿ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ನೋಡಿ ಶಿರಾಯಿಶಿ ಯೋಶಿಯಾಕಿ 1958ರಲ್ಲಿ ಇಂದಿನ ಹಿಗಾಶಿ ಒಸಾಕಾದಲ್ಲಿ ತೆರೆದ ಅಂಗಡಿಯಿಂದ ಇದು ಆರಂಭವಾಯಿತು. 1970ರ ಒಸಾಕಾ ವಿಶ್ವ ಮೇಳದಲ್ಲಿ ಇಡೀ ದೇಶ ಅದನ್ನು ನೋಡಿತು. ನೂರಾರು ಯೆನ್‌ನ ತಟ್ಟೆಗಳು, ಪರದೆಯ ಮೇಲೆ ಬೆರಳಿಟ್ಟು ಕೇಳಿದರೆ ಬರುತ್ತವೆ. ಮಕ್ಕಳೊಂದಿಗೆ ಹೋಗುವವರು, ಹಣ ಅಳೆದು ಖರ್ಚು ಮಾಡುವವರು, ಇಷ್ಟವಾಗುತ್ತದೋ ಇಲ್ಲವೋ ಎಂಬ ಅನುಮಾನವಿರುವವರು ಇದನ್ನೇ ಆರಿಸಿಕೊಳ್ಳಿ. ಹಿಡಿಸದ ತಟ್ಟೆಯನ್ನು ಬಿಟ್ಟರೆ ನಷ್ಟ ನೂರೈವತ್ತು ಯೆನ್. ಒಮಾಕಾಸೆಯನ್ನು ಎರಡನೆಯ ಪ್ರಯಾಣಕ್ಕೆ ಇಟ್ಟುಕೊಳ್ಳುವುದು ಮೇಲು, ಏಕೆಂದರೆ ಹತ್ತಾರು ಮೀನುಗಳ ರುಚಿಯ ಅಂತರ ನಾಲಿಗೆಗೆ ತಿಳಿಯದಿದ್ದಾಗ ಅಷ್ಟು ಹಣ ಕೊಟ್ಟರೂ ಸಿಗುವುದು ಅರ್ಧ ಸುಖ.

ಸಾಶಿಮಿ: ಚಾಕುವೇ ಅಡುಗೆ

ಸಾಶಿಮಿ ಸುಶಿಯಲ್ಲ, ಅದರಲ್ಲಿ ಅನ್ನವೂ ಇಲ್ಲ, ಹುಳಿಯೂ ಇಲ್ಲ. ಹಸಿ ಮೀನನ್ನು ಕೊಯ್ದು ವಿನೆಗರಿನಲ್ಲಿ ಕಲಸುವ ನಮಾಸು ಇದಕ್ಕಿಂತ ಹಳೆಯದು. ಎದೋ ಯುಗದಲ್ಲಿ ನೋದಾ, ಚೋಶಿ ಊರುಗಳ ಸೋಯಾ ಸಾಸ್ ಮನೆಮನೆಗೆ ತಲುಪಿದ ಮೇಲೆ ಸೋಯಾ ಮತ್ತು ವಾಸಾಬಿ ಎಂಬ ಖಾರದ ಹಸಿರು ಮುದ್ದೆಯೊಂದಿಗೆ ತಿನ್ನುವ ಇಂದಿನ ರೂಪ ನೆಲೆಯೂರಿತು.

ಇಲ್ಲಿಯೂ ‘ಈಗ ತಾನೇ ಹಿಡಿದದ್ದೇ ಶ್ರೇಷ್ಠ’ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಈಗಷ್ಟೇ ಕೊಯ್ದ ಮೀನು ಹಲ್ಲಿಗೆ ಕರಕರ ಎನ್ನುತ್ತದೆ, ರುಚಿ ಮಾತ್ರ ತೆಳು. ಸತ್ತ ಮೀನಿನ ಮಾಂಸಖಂಡದಲ್ಲಿ ಇನೊಸಿನಿಕ್ ಆಮ್ಲ ಕೂಡಿಕೊಳ್ಳಲು ಗಂಟೆಗಳು, ದೊಡ್ಡ ಮೀನಾದರೆ ದಿನಗಳು ಬೇಕು. ನಾಲಿಗೆ ಉಮಾಮಿ ಎಂದು ಸವಿಯುವುದು ಅದನ್ನೇ. ಅದಕ್ಕಾಗಿ ಮೀನನ್ನು ಹಿಡಿದೊಡನೆ ಮಿದುಳಿಗೆ ಚುಚ್ಚಿ, ರಕ್ತ ಬಸಿದು, ಬೆನ್ನುಹುರಿಯೊಳಗೆ ತಂತಿ ಹಾಯಿಸುವ ಇಕೆಜಿಮೆ ಎಂಬ ವಿಧಾನವನ್ನು ಅನುಸರಿಸುತ್ತಾರೆ. ಒದ್ದಾಡಿ ಸತ್ತ ಮೀನಿನ ಮಾಂಸ ಬೇಗ ಕೆಡುತ್ತದೆ.

ಮೀನಿನ ನೈಜ ರುಚಿಯೇ ಬೇಕೆಂಬವರ ಆಯ್ಕೆ ಸಾಶಿಮಿ, ಹೊಟ್ಟೆ ತುಂಬಬೇಕೆಂಬವರಿಗೆ ಅಲ್ಲ. ಅಳುಕಿದ್ದರೆ ಶಿಕೊಕು ದ್ವೀಪದ ಕೋಚಿ ಶೈಲಿಯ ತತಾಕಿ ಕೇಳಿ. ಕತ್ಸುಒ ಮೀನಿನ ಹೊರಮೈಯನ್ನು ಭತ್ತದ ಹುಲ್ಲಿನ ಉರಿಯಲ್ಲಿ ಕ್ಷಣಕಾಲ ಸುಟ್ಟು, ದಪ್ಪಗೆ ಕೊಯ್ದು, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪಿನೊಂದಿಗೆ ಕೊಡುತ್ತಾರೆ. ಆ ಹೊಗೆ ಮತ್ತು ಬೆಳ್ಳುಳ್ಳಿ ನಮ್ಮವರ ಬಾಯಿಗೆ ಕೂಡಲೇ ಹಿಡಿಸುತ್ತವೆ.

ಸಾಗರ ದಾಟಿದ ಮೇಲೆ

1960ರ ದಶಕದಲ್ಲಿ ಲಾಸ್ ಏಂಜಲೀಸಿನ ಲಿಟಲ್ ಟೋಕಿಯೋದಲ್ಲಿ ಸುಶಿ ಹಲಗೆಗಳು ತೆರೆದವು. ಬೆಣ್ಣೆಹಣ್ಣು ಮತ್ತು ಏಡಿಯನ್ನು ಒಳಗಿಟ್ಟು, ಕಪ್ಪು ಕಡಲಪಾಚಿಯ ಹಾಳೆ ಕಾಣದಂತೆ ಅನ್ನವನ್ನು ಹೊರಗೆ ಮಾಡಿ ಸುತ್ತಿದ ಕ್ಯಾಲಿಫೋರ್ನಿಯಾ ರೋಲ್ ಅಮೆರಿಕನ್ನರ ಭಯ ಬಿಡಿಸಿತು. ಅದನ್ನು ಮೊದಲು ಮಾಡಿದವರು ಯಾರು ಎಂಬ ಬಗ್ಗೆ ಲಾಸ್ ಏಂಜಲೀಸ್ ಮತ್ತು ಕೆನಡಾದ ವ್ಯಾಂಕೂವರ್ ನಡುವೆ ವಾದವಿದೆ. ಅದು ‘ನಿಜವಾದ ಸುಶಿ ಅಲ್ಲ’ ಎಂದು ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ. ಅನ್ನ ಎಸೆಯುತ್ತಿದ್ದವರು ಅನ್ನ ತಿನ್ನತೊಡಗಿದಾಗಲೇ ಸುಶಿ ಬದಲಾಗಿತ್ತು. ಹಸಿ ಮೀನು ಬೇಡವೇ ಬೇಡ, ಆದರೂ ಗೆಳೆಯರ ಜೊತೆ ಕೂರಬೇಕು ಎಂದರೆ ಇದು ಒಳ್ಳೆಯ ಆಯ್ಕೆ, ಏಕೆಂದರೆ ಒಳಗಿನ ಏಡಿ ಬೆಂದದ್ದೇ.

ಸಾಲ್ಮನ್ ಕೂಡ ಹೊಸಬ. ಹಿಂದೆ ಜಪಾನೀಯರು ಸಾಲ್ಮನ್ ಹಸಿಯಾಗಿ ತಿನ್ನುತ್ತಿರಲಿಲ್ಲ, ಅವರ ಸಮುದ್ರದ ಸಾಲ್ಮನ್‌ನಲ್ಲಿ ಹುಳುಗಳ ಭಯವಿತ್ತು. ಸಾಕಣೆ ಸಾಲ್ಮನ್ ಮಾರಲು ನಾರ್ವೆ 1980ರ ದಶಕದ ಮಧ್ಯದಲ್ಲಿ ‘ಪ್ರಾಜೆಕ್ಟ್ ಜಪಾನ್’ ಎಂಬ ಯೋಜನೆ ಹೂಡಿ ವರ್ಷಗಟ್ಟಲೆ ದುಡಿದ ಮೇಲೆ ಅದು ನಿಗಿರಿಯ ಮೇಲೇರಿತು. ಇಂದು ತಿರುಗು ಸುಶಿಯಲ್ಲಿ ಜನ ಬಹಳ ಇಷ್ಟಪಡುವ ಮೀನುಗಳಲ್ಲಿ ಅದೂ ಒಂದು. ಮೆತ್ತಗೆ, ಕೊಬ್ಬಾಗಿ, ವಾಸನೆ ಕಡಿಮೆ ಇರುವುದರಿಂದ ಹೊಸಬರಿಗೆ ಸುಲಭ. ಟ್ಯೂನಾದ ಕಥೆ ಇದಕ್ಕೆ ತಿರುಗುಮುರುಗು: 1972ರ ಆಗಸ್ಟ್‌ನಲ್ಲಿ, ಅಮೆರಿಕದ ಕಡೆಯಿಂದ ಬರಿದಾಗಿ ಮರಳುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಸರಕು ವಿಮಾನಗಳನ್ನು ತುಂಬಲು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಬ್ಲೂಫಿನ್ ಟ್ಯೂನಾವನ್ನು ಟೋಕಿಯೋದ ತ್ಸುಕಿಜಿ ಮಾರುಕಟ್ಟೆಗೆ ತಂದರು. ಅಲ್ಲಿಯವರೆಗೆ ಆ ದ್ವೀಪದಲ್ಲಿ ಮೋಜಿಗಾಗಿ ಹಿಡಿದ ಟ್ಯೂನಾವನ್ನು ಹೂಳುತ್ತಿದ್ದರು. 2019ರ ಜನವರಿಯಲ್ಲಿ ತೊಯೊಸು ಮಾರುಕಟ್ಟೆಯ ಹೊಸ ವರ್ಷದ ಹರಾಜಿನಲ್ಲಿ 278 ಕಿಲೋ ತೂಕದ ಒಂದು ಬ್ಲೂಫಿನ್ 33.36 ಕೋಟಿ ಯೆನ್‌ಗೆ ಹೋಯಿತು. ಈ ಮೀನಿಗೆ ಬಂದ ಒತ್ತಡವನ್ನು ನೆನೆದರೆ ನನ್ನ ತಟ್ಟೆಗೆ ಅದು ಬೇಡವೆನಿಸುತ್ತದೆ. ಕೊಹಾದಾ, ಅಜಿಯಂಥ ಸಣ್ಣ ಮೀನುಗಳಲ್ಲಿ ಕಟ್ಟುವವರ ಕೈಚಳಕವೂ ಹೆಚ್ಚು ಕಾಣುತ್ತದೆ.

ಹವಾಯಿಯ ಪೋಕೆಯನ್ನು ಸುಶಿಯೊಂದಿಗೆ ಸೇರಿಸಬೇಡಿ. ಅದು ಹವಾಯಿ ಮೂಲನಿವಾಸಿಗಳದು, ಸೋಯಾ ಮತ್ತು ಎಳ್ಳೆಣ್ಣೆ ಏಷ್ಯಾದ ವಲಸಿಗರಿಂದ ನಂತರ ಬಂದದ್ದು.

ಸುರಕ್ಷತೆ, ಮತ್ತು ನಮ್ಮೂರಿನಲ್ಲಿ ತಿನ್ನುವಾಗ

ಹಸಿ ಸಮುದ್ರ ಮೀನಿನ ಮುಖ್ಯ ಅಪಾಯ ಅನಿಸಾಕಿಸ್ ಎಂಬ ಹುಳು. ವಿನೆಗರ್, ಉಪ್ಪು, ವಾಸಾಬಿ ಯಾವುದರಿಂದಲೂ ಅದು ಸಾಯುವ ಭರವಸೆಯಿಲ್ಲ. ಹಾಗಾಗಿ ನಾನು ಹೊಗಳಿದ ಬಂಗುಡೆಯ ಒತ್ತು ಸುಶಿಗೂ ಈ ಎಚ್ಚರ ಅನ್ವಯಿಸುತ್ತದೆ. ಅದನ್ನು ಕೊಲ್ಲುವುದು ಬೆಂಕಿ ಅಥವಾ ಹಿಮ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಎಂದು ಜಪಾನಿನ ಆರೋಗ್ಯ ಸಚಿವಾಲಯ, 7 ದಿನ ಎಂದು ಅಮೆರಿಕದ ಆಹಾರ ಇಲಾಖೆ ಹೇಳುತ್ತವೆ. ‘ಹೆಪ್ಪುಗಟ್ಟಿಸಿದ್ದು’ ಎಂಬ ಮಾತು ಕೇಳಿ ಮುಖ ಸಿಂಡರಿಸಬೇಡಿ, ಅದೇ ನಿಮ್ಮ ಕಾವಲು. ದೂರದ ಸಾಗರದ ಟ್ಯೂನಾ ಬಹುಪಾಲು ಮೈನಸ್ 60 ಡಿಗ್ರಿಯಲ್ಲಿ ಹೆಪ್ಪುಗಟ್ಟಿಯೇ ಬರುತ್ತದೆ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿಯದನ್ನು ಬಿಟ್ಟು ಬೆಂದ ಸಿಗಡಿ, ಅನಾಗೊ ಆರಿಸಿಕೊಳ್ಳಲಿ. ದೊಡ್ಡ ಟ್ಯೂನಾದಲ್ಲಿ ಪಾದರಸವೂ ಹೆಚ್ಚು.

ಬೆಂಗಳೂರಿನ ಜಪಾನೀ ಹೋಟೆಲುಗಳಲ್ಲಿ ಕೇಳಬೇಕಾದ ಪ್ರಶ್ನೆಯೂ ಇಷ್ಟೇ: ಮೀನು ಎಲ್ಲಿಯದು, ಹೆಪ್ಪುಗಟ್ಟಿಸಿ ತಂದದ್ದೇ? ನೇರ ಉತ್ತರ ಸಿಕ್ಕರೆ ತಿನ್ನಿ. ಮಲ್ಪೆಯಲ್ಲೋ ಮಂಗಳೂರಿನಲ್ಲೋ ಬೆಳಗ್ಗೆ ಕೊಂಡ ಬಂಗುಡೆ ಎಷ್ಟೇ ಥಳಥಳಿಸಿದರೂ ಮನೆಯಲ್ಲಿ ಸಾಶಿಮಿ ಮಾಡಲು ಹೋಗಬೇಡಿ. ಅದನ್ನು ಹಿಡಿದದ್ದು, ಇಟ್ಟದ್ದು ಹಸಿಯಾಗಿ ತಿನ್ನಲು ಅಲ್ಲ, ಪುಳಿಮುಂಚಿಗೆ. ಅಲ್ಲಿ ಅದಕ್ಕೆ ಸಮನಿಲ್ಲ.

ಸಸ್ಯಾಹಾರಿಗಳಿಗೆ ಸೌತೆಕಾಯಿಯ ಕಪ್ಪಾಮಾಕಿ, ಉಪ್ಪಿನ ಮೂಲಂಗಿಯ ಸುರುಳಿ ಇವೆ. ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿದ ಇನಾರಿ ನೋಡಲು ನಿರಾಮಿಷವೆನಿಸಿದರೂ, ಆ ತೋಫುವನ್ನು ಒಣಮೀನಿನ ದಾಶಿ ಸಾರಿನಲ್ಲಿ ಕುದಿಸುವುದು ಸಾಮಾನ್ಯ. ಮೊಟ್ಟೆಯ ತಮಾಗೊದಲ್ಲಿಯೂ ಹಾಗೆಯೇ. ಕೇಳದೆ ಬಾಯಿಗಿಡಬೇಡಿ.

ಒಂದು ವಾರದ ಪ್ರಯಾಣವಾದರೆ ನನ್ನ ಕ್ರಮ ಹೀಗಿರುತ್ತದೆ. ಟೋಕಿಯೋದಲ್ಲಿ ಮೊದಲ ಸಂಜೆ ತಿರುಗು ಸುಶಿ, ಅದರಲ್ಲಿ ಸಾಲ್ಮನ್‌ನಿಂದ ಆರಂಭಿಸಿ ಕೊಹಾದಾವರೆಗೆ. ಮರುದಿನ ಮಧ್ಯಾಹ್ನ ಮಧ್ಯಮ ದರ್ಜೆಯ ಅಂಗಡಿಯಲ್ಲಿ ನಿಗಿರಿಯ ಊಟ, ಮಧ್ಯಾಹ್ನದ ಬೆಲೆ ರಾತ್ರಿಗಿಂತ ಎಷ್ಟೋ ಕಡಿಮೆ. ಒಸಾಕಾದಲ್ಲಿ ಬತ್ತೆರಾ, ಕ್ಯೋಟೋದಲ್ಲಿ ಸಬಾಜುಶಿ. ಕೊನೆಗೆ ಕ್ಯೋಟೋದಿಂದ ರೈಲಿನಲ್ಲಿ ಹತ್ತು ನಿಮಿಷದ ಓತ್ಸುವಿಗೆ ಹೋಗಿ, ಬಿವಾ ಸರೋವರದ ದಡದಲ್ಲಿ ಫುನಾಜುಶಿ. ಮೊದಲ ಚೂರು ಕಷ್ಟವಾದರೆ ಉಳಿದವನ್ನು ಬಿಡಬೇಡಿ. ಬಿಸಿ ಅನ್ನದ ಮೇಲಿಟ್ಟು ಬಿಸಿ ಹಸಿರು ಚಹಾ ಸುರಿಯಿರಿ. ಹುಳಿ ನೀರಿಗಿಳಿದು, ವಾಸನೆ ಮೆತ್ತಗಾಗಿ, ಅದು ಹುಳಿ ಬಂದ ಗಂಜಿಯಷ್ಟೇ ಹಿತವಾಗುತ್ತದೆ.